ಅಮಾನತ್ತಿನಲ್ಲಿಟ್ಟ ಸಾರು

ದೇವಿಯ ದಿನ ಶುರುವಾಗುತ್ತಿದ್ದದ್ದು ಕಿವಿಯಿಂದ. ಹೊನ್ನಾವರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜಟ್ಟಿ ನಾಯ್ಕರದೊಂದು ಊಟದ ಹೋಟೆಲಿತ್ತು. ಅದರ ಹಿಂಬಾಗಿಲ ಚಿಲಕ ತೆಗೆದು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟವಳು ದೀಪವನ್ನೂ ಹಾಕುತ್ತಿರಲಿಲ್ಲ. ನಸುಗತ್ತಲೆಯಲ್ಲೇ ಮೂಲೆಯ ಒಲೆಯ ಹತ್ತಿರ ಹೋಗಿ, ನಿನ್ನೆಯ ಮೀನುಸಾರಿನ ಮಡಕೆಯ ಮುಚ್ಚಳ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಡಕೆಯ ಬಾಯಿಗೆ ಬಲಗಿವಿ ಕೊಟ್ಟು ನಿಲ್ಲುತ್ತಿದ್ದಳು. ಮೂರು ಉಸಿರಿನಷ್ಟು ಹೊತ್ತು. ಜ್ವರ ಬಂದ ದಿನವೂ, ಹಬ್ಬದ ದಿನವೂ, ಗಂಡ ರಾಮ ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ ಮರುದಿನವೂ ಇದು ತಪ್ಪಿದ್ದಿಲ್ಲ.

ಹಳಸಿದ ಸಾರು ಮಾತಾಡುತ್ತದೆ. ಮೂಗಿಗೆ ಗೊತ್ತಾಗುವುದಕ್ಕಿಂತ ಎಷ್ಟೋ ಮೊದಲು ಅದರೊಳಗೆ ಸಣ್ಣ ಪಿಸುಗುಟ್ಟುವಿಕೆ ಶುರುವಾಗುತ್ತದೆ, ಮರಳಿನಲ್ಲಿ ಏಡಿ ಬಿಲ ತೋಡಿದ ಹಾಗೆ. ಒಳ್ಳೆಯ ಸಾರಿಗೆ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಅದು ಸುಮ್ಮನಿರುತ್ತದೆ. ಸುಮ್ಮನಿದ್ದರೆ ದೇವಿ ಒಲೆ ಹಚ್ಚಿ ಒಂದು ಕುದಿ ಕುದಿಸುವಳು. ಸಂಜೆ ಐದಕ್ಕೆ ಇನ್ನೊಂದು ಕುದಿ. ಅವಳು ಅಲ್ಲಿ ಅಡುಗೆಗೆ ಸೇರಿದ ಹನ್ನೊಂದು ವರ್ಷದಲ್ಲಿ ಎರಡೇ ಸಲ ಸಾರು ಅವಳೊಡನೆ ಮಾತಾಡಿತ್ತು, ಎರಡೂ ಮೇ ತಿಂಗಳ ಸೆಕೆಯಲ್ಲಿ. ಎರಡು ಸಲವೂ ಅವಳು ಯಾರನ್ನೂ ಕೇಳದೆ ಮಡಕೆ ಎತ್ತಿಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದು, ಆ ದಿನ ಗಿರಾಕಿಗಳಿಗೆ ಹಳೇದು ಇಲ್ಲ ಎಂದು ಹೇಳಿದ್ದಳು.

ಆ ಹೋಟೆಲಿನ ಹೆಸರು ಇದ್ದದ್ದೇ ಹಳೇ ಸಾರಿನ ಮೇಲೆ. ಮಧ್ಯಾಹ್ನದ ಬಿಸಿ ಊಟಕ್ಕೆ ಯಾರು ಬೇಕಾದರೂ ಬರುತ್ತಾರೆ, ಬೆಳಿಗ್ಗೆ ಒಂಬತ್ತಕ್ಕೆ ಗಂಜಿಗೆ ಬರುವವರೇ ಬೇರೆ. ದೋಣಿಯಿಂದ ಇಳಿದವರು, ಮೊದಲ ಪಾಳಿ ಮುಗಿಸಿದ ಡ್ರೈವರು ಕಂಡಕ್ಟರುಗಳು, ಕೋರ್ಟಿನ ಕಾರಕೂನರು. ಕುಚ್ಚಿಗೆ ಅಕ್ಕಿಯ ಗಂಜಿ, ಅದರ ಮೇಲೆ ನಿನ್ನೆಯ ಬಂಗಡೆ ಸಾರು. ಮೆಣಸು, ನಾಲಿಗೆ ಜುಮ್ಮೆನಿಸುವ ಕಾಡಿನ ಜುಮ್ಮನಕಾಯಿ, ಮುರುಗಲ ಹುಳಿ ರಾತ್ರಿಯಿಡೀ ಮೀನಿನೊಳಗೆ ಇಳಿದು, ಎರಡು ಸಲ ಕುದಿದು, ಬತ್ತಿ, ಬೆಳಗಾಗುವಾಗ ಅದು ಬೇರೆಯೇ ಒಂದು ಪದಾರ್ಥವಾಗಿರುತ್ತಿತ್ತು. ಬಂದವರು ಕೂರುವ ಮೊದಲೇ ಅಡುಗೆಮನೆಯ ಕಡೆ ತಲೆ ಹಾಕಿ, ಹಳೇದು ಅದ್ಯಾ ದೇವಕ್ಕ, ಎಂದು ಕೇಳುವರು. ಈ ಕರಾವಳಿಯಲ್ಲಿ ಸಾರಿಗೆ ಹಳೇದು ಎನ್ನುವುದು ಮರ್ಯಾದೆಯ ಮಾತು, ಮನುಷ್ಯರಲ್ಲಿ ಹಿರಿಯರು ಎಂದ ಹಾಗೆ.

ಕಿವಿಯಿಂದ ಅಡುಗೆ ನೋಡುವುದನ್ನು ದೇವಿ ಕಲಿತದ್ದು ಭಟ್ಕಳದಲ್ಲಿ. ಮಂಕಿಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದ ಮೇಲೆ ಅವಳ ಅಪ್ಪ ಅವಳನ್ನು ಭಟ್ಕಳದ ಒಂದು ನವಾಯತ ಮುಸಲ್ಮಾನರ ಮನೆಗೆ ಕೆಲಸಕ್ಕೆ ಬಿಟ್ಟಿದ್ದ. ಆ ಮನೆಯ ಯಜಮಾನರಿಗೆ ಮದ್ರಾಸಿನಲ್ಲಿ ಬಟ್ಟೆಯಂಗಡಿ. ಅವರು ವರ್ಷಕ್ಕೆರಡು ಸಲ ಬಂದು ಹೋಗುವ ನೆಂಟರ ಹಾಗೆ ಇದ್ದರು. ಮನೆ ನಡೆಸುತ್ತಿದ್ದವರು ಜುಲೇಖಾ ಬೀ. ದೇವಿಗೆ ಅವರು ಜುಲೇಕಮ್ಮ. ಉದ್ದನೆಯ ಆ ಮನೆಯ ನಡುಮಧ್ಯದಲ್ಲಿ ಗವಾಕ್ಷಿಯಿಂದ ಬಿಸಿಲಿನದೊಂದು ಕಂಬ ಇಳಿದು, ದಿನವಿಡೀ ನೆಲದ ಮೇಲೆ ನಿಧಾನಕ್ಕೆ ನಡೆಯುತ್ತಿತ್ತು. ಜುಲೇಕಮ್ಮ ಅದರ ಹಿಂದೆ ಹಿಂದೆ ತಮ್ಮ ಮಣೆ ಸರಿಸಿಕೊಂಡು ತರಕಾರಿ ಹೆಚ್ಚುತ್ತಿದ್ದರು. ಅವರಿಗೆ ಕಣ್ಣು ಮಂಜಾಗಿತ್ತು. ಅದಕ್ಕೇ ಎಲ್ಲವನ್ನೂ ಕೇಳಿಸಿಕೊಂಡು ತಿಳಿಯುತ್ತಿದ್ದರು. ಎಣ್ಣೆ ಕಾದದ್ದು, ಅನ್ನ ಬೆಂದದ್ದು, ಹಾಲು ಉಕ್ಕುವುದಕ್ಕಿಂತ ಒಂದು ಗಳಿಗೆ ಮೊದಲು ಪಾತ್ರೆಯಲ್ಲಾಗುವ ಮೌನ. ಇದೆಲ್ಲ ಅವರಿಂದ ದೇವಿಗೆ ಬಂತು.

ಅವರಿಂದ ಬಂದದ್ದು ಇನ್ನೊಂದಿತ್ತು. ಅದು ಒಂದು ಮಾತು, ಅಮಾನತ್. ಕೇರಿಯ ಹೆಂಗಸರು ಊರಿಗೆ ಹೋಗುವಾಗ ತಮ್ಮ ಬಂಗಾರ, ಬೀಗದಕೈ, ಒಮ್ಮೊಮ್ಮೆ ಕೋಳಿಗಳನ್ನೂ ತಂದು ಜುಲೇಕಮ್ಮನ ಹತ್ತಿರ ಅಮಾನತ್ ಇಡುವರು. ಒಂದು ಸಲ ಪಕ್ಕದ ಮನೆಯವರು ಮೂರು ತಿಂಗಳ ಮಟ್ಟಿಗೆ ಮದ್ರಾಸಿಗೆ ಹೋಗುವಾಗ ಒಂದು ಮೇಕೆಯನ್ನು ಬಿಟ್ಟು ಹೋದರು. ಆ ಮೂರು ತಿಂಗಳು ಮನೆಯವರೆಲ್ಲ ಮೇಕೆಯ ಆಳುಗಳಾದರು. ಅದಕ್ಕೆ ಹಲಸಿನ ಎಲೆಯೇ ಆಗಬೇಕು, ಬಿಸಿಲಿನ ಕಂಬದಲ್ಲೇ ಮಲಗಬೇಕು. ಒಂದು ದಿನ ಅದು ಸೀನಿತೆಂದು ಜುಲೇಕಮ್ಮ ಮಧ್ಯಾಹ್ನದ ಊಟ ಬಿಟ್ಟರು. ಒಂದು ಮೇಕೆಗೆ ಇಷ್ಟೆಲ್ಲ ಯಾಕೆಂದು ದೇವಿ ಕೇಳಿದಾಗ, ನಮ್ಮದಾಗಿದ್ದರೆ ಸೀನಲಿ ಎಂದು ಬಿಡಬಹುದಿತ್ತು, ಇದು ಅಮಾನತ್, ಕೊಟ್ಟವರಿಗೆ ಕೊಟ್ಟ ಹಾಗೆಯೇ ತಿರುಗಿ ಕೊಡಬೇಕು ಎಂದಿದ್ದರು. ಇನ್ನೊಬ್ಬರ ಹಸಿವೂ ಹಾಗೆಯೇ ಅಂತೆ. ನಮ್ಮ ಎಲೆಯ ಮುಂದೆ ಬಂದು ಕೂತವನು ತನ್ನ ಜೀವವನ್ನು ನಮ್ಮ ಕೈಯಲ್ಲಿ ಅಮಾನತ್ ಇಟ್ಟ ಹಾಗೆ. ಮಂಕಿಯ ಹಿತ್ತಿಲಿನ ಜಟಗನಿಗೂ ತುಳಸಿಗೂ ಕೈಮುಗಿದು ಬೆಳೆದ ಹುಡುಗಿ ಆ ಮಾತನ್ನು ದೇವರ ಪಕ್ಕದಲ್ಲೇ ಇಟ್ಟುಕೊಂಡಳು. ಮದುವೆಯಾಗಿ ಮಂಕಿಗೇ ಮರಳಿದಳು, ರಾಮ ಕಾಲು ಮುರಿದುಕೊಂಡು ಬಲೆ ಹೆಣೆಯಲು ಕೂತ ಮೇಲಂತೂ ಮನೆಯೆಲ್ಲ ಅವಳ ಸೌಟಿನ ಮೇಲೇ ನಿಂತಿತು. ಆ ಮಾತು ಮಾತ್ರ ಅಲ್ಲೇ ಇತ್ತು.

ಕೊಂಕಣ ರೈಲು ಬಂದ ಮರುವರ್ಷದ ಮಾತು ಇದು, ತೊಂಬತ್ತೊಂಬತ್ತರ ಅಕ್ಟೋಬರ್. ಮಳೆ ಹಿಂದೆ ಸರಿದ ಹೊತ್ತಿನಲ್ಲಿ ಕರಾವಳಿಯ ಒಂದೆರಡು ಕಡೆ ವಾಂತಿಭೇದಿ ಕಾಣಿಸಿಕೊಂಡಿತ್ತು. ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡಬೇಕು, ಸಂಶಯ ಬಂದರೆ ಕೂಡಲೇ ಮುಚ್ಚಿಸಬೇಕು ಎಂದು ಮೇಲಿನಿಂದ ಆದೇಶವಾಯಿತು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕಿಗೆ ಸೇರಿ ಒಬ್ಬನೇ ಆಹಾರ ಇನ್ಸ್‌ಪೆಕ್ಟರು. ಹೆಸರು ನಾಗಭೂಷಣ, ಇಪ್ಪತ್ತೇಳು ಇಪ್ಪತ್ತೆಂಟರ ಪ್ರಾಯ, ಊರು ದಾವಣಗೆರೆ ಕಡೆ. ಕುಮಟೆಯ ಕಚೇರಿಗೆ ಬಂದು ಎರಡು ತಿಂಗಳಾಗಿತ್ತು. ಯಾವ ಹೋಟೆಲಿನಲ್ಲೂ ಚಹಾ ಕುಡಿಯದವನು, ಕುಡಿಯುವ ನೀರನ್ನೂ ಮನೆಯಿಂದಲೇ ಬಾಟಲಿಯಲ್ಲಿ ತರುವವನು. ಹುಟ್ಟಿನಿಂದ ಮೀನು ಮುಟ್ಟಿದವನಲ್ಲ, ಮೀನಿನ ಅಡುಗೆಮನೆಗೆ ಹೋಗುವಾಗ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದ. ಅವನ ಹಿಂದೆ ಕಚೇರಿಯ ಜವಾನ ಬೊಮ್ಮಯ್ಯ ಗೌಡ, ಕುಮಟೆಯ ಹತ್ತಿರದ ಹಾಲಕ್ಕಿ ಕೇರಿಯವನು. ಅವನ ಹೆಗಲ ಚೀಲದಲ್ಲಿ ಅರಗು, ಹುರಿ, ಮೇಣದಬತ್ತಿ, ಹಿತ್ತಾಳೆಯ ಮುದ್ರೆ.

ಅವರು ಬಂದದ್ದು ಶುಕ್ರವಾರ ಹನ್ನೊಂದು ಗಂಟೆಗೆ. ಜಟ್ಟಿ ನಾಯ್ಕರು ತಂಗಿಯ ಮನೆಯ ನಿಶ್ಚಿತಾರ್ಥಕ್ಕೆಂದು ಭಟ್ಕಳಕ್ಕೆ ಹೋಗಿದ್ದರು. ಗಂಜಿಯ ಗಿರಾಕಿಗಳು ಇಬ್ಬರೇ ಉಳಿದಿದ್ದರು. ನಾಗಭೂಷಣ ಗಡಿಬಿಡಿ ಮಾಡುವವನಲ್ಲ. ಮೋರಿ ನೋಡಿದ, ಅದಕ್ಕೆ ಮುಚ್ಚಳವಿರಲಿಲ್ಲ. ನೀರಿನ ಡ್ರಮ್ಮು ನೋಡಿದ, ಅದಕ್ಕೂ ಇರಲಿಲ್ಲ. ಎರಡನ್ನೂ ಬರೆದುಕೊಂಡ. ದೇವಿಗೆ ನಾಚಿಕೆಯಾಯಿತು, ಯಾಕೆಂದರೆ ಈ ಎರಡನ್ನೂ ಅವಳು ಜಟ್ಟಿಯವರಿಗೆ ಹೇಳಿ ಹೇಳಿ ಸೋತಿದ್ದಳು. ಆಮೇಲೆ ಮೂಲೆಯ ಒಲೆಯ ಹತ್ತಿರ ಬಂದು ಮಡಕೆ ತೋರಿಸಿ, ಇದು ಯಾವಾಗ ಮಾಡಿದ್ದು ಎಂದು ಕೇಳಿದ.

"ನಿನ್ನೆದು ಸಾಯ್ಬ್ರೆ," ಅಂದಳು ದೇವಿ. ಹೆಮ್ಮೆಯಿಂದಲೇ ಅಂದಳು. "ಇವತ್ತೇ ಚಲೋ ಆಗೂದು."

ಕರವಸ್ತ್ರದ ಮೇಲಿನ ಅವನ ಕಣ್ಣುಗಳು ಒಂದು ಸಲ ಮಡಕೆಯನ್ನೂ ಒಂದು ಸಲ ಅವಳನ್ನೂ ನೋಡಿದವು. ಇವಳು ತಮಾಷೆ ಮಾಡುತ್ತಿದ್ದಾಳೋ ಎಂದು ಅವನಿಗನಿಸಿರಬೇಕು. ಮಾದರಿ ತುಂಬಿಸುವ ಬಾಟಲಿಗಳು ಹಿಂದಿನ ದಿನ ಭಟ್ಕಳದಲ್ಲೇ ಮುಗಿದಿದ್ದವು. ಹಾಗಾಗಿ ಮಡಕೆ ಇದ್ದಲ್ಲೇ ಇದ್ದ ಹಾಗೇ ಇರಲಿ, ಸೋಮವಾರ ಕಚೇರಿಯ ಡಾಕ್ಟರು ಬಂದು ನೋಡುತ್ತಾರೆ ಎಂದು ಹೇಳಿ, ಹಿಂದೆ ಮುಂದೆ ಎರಡೂ ಬಾಗಿಲು ಹಾಕಿಸಿದ. ಬೊಮ್ಮಯ್ಯ ಚಿಲಕಕ್ಕೆ ಹುರಿ ಸುತ್ತಿ, ಮೇಣದಬತ್ತಿಯ ಮೇಲೆ ಅರಗು ಕಾಯಿಸಿ ಹನಿಸಿ, ಮುದ್ರೆ ಒತ್ತಿದ. ಕೆಂಪು ಅರಗು ಕುಂಕುಮದ ಬೊಟ್ಟಿನ ಹಾಗೆ ಬಾಗಿಲ ಮೇಲೆ ಕೂತಿತು. ಅದರ ಪಕ್ಕದಲ್ಲಿ ಒಂದು ಕಾಗದ ಅಂಟಿಸಿ ನಾಗಭೂಷಣ ಮುಂದಿನ ಹೋಟೆಲಿಗೆ ನಡೆದ.

ದೇವಿ ಕಾಗದದ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಸದರಿ, ಪರವಾನಗಿ, ಮುಂದಿನ ಆದೇಶ ಇವೆಲ್ಲ ಕಲ್ಲು ಕಡಿದ ಹಾಗಿದ್ದವು. ಕೊನೆಯ ಸಾಲಿಗೆ ಬಂದಾಗ ಮಾತ್ರ ಅವಳ ಬೆರಳು ನಿಂತಿತು. ಅಮಾನತ್ತಿನಲ್ಲಿಡಲಾಗಿದೆ ಎಂದಿತ್ತು.

ಅವಳು ಮತ್ತೊಮ್ಮೆ ಓದಿದಳು. ಹೌದು, ಅಮಾನತ್. ಸರ್ಕಾರದ ಕಾಗದದಲ್ಲಿ ಜುಲೇಕಮ್ಮನ ಮಾತು. ಚೀಲ ಕಟ್ಟುತ್ತಿದ್ದ ಬೊಮ್ಮಯ್ಯನನ್ನು ಕೇಳಿದಳು, ಇದು ಅಮಾನತ್ತಾ ಎಂದು. ಅವನು ಅರಗು ತಾಗಿ ಸುಟ್ಟ ಬೆರಳನ್ನು ಚೀಪುತ್ತಾ ಹೌದೆಂದು ತಲೆಯಾಡಿಸಿದ.

"ಸಮಾ ನೋಡ್ಕಣ್ತ್ರಿ ಅಲ್ದಾ?" ಎಂದಳು.

"ಸರ್ಕಾರದ ಮುದ್ರೆ ಬಿದ್ದದೆ. ಇನ್ನು ಅದ್ನ ಯಾರು ಮುಟ್ತ್ರು?" ಎಂದು ಹೇಳಿ ಅವನೂ ಸಾಹೇಬರ ಹಿಂದೆ ಹೋದ.

ಹೀಗಾಗಿ ಆ ದಿನ ದೇವಿಗೆ ಹನ್ನೊಂದು ವರ್ಷದಲ್ಲೇ ಕಾಣದ ಬಿಡುವು. ಸರ್ಕಾರ ಅವಳ ಅಡುಗೆಮನೆಯನ್ನು ಇಟ್ಟುಕೊಂಡಿದೆ, ಪರೀಕ್ಷೆ ಮಾಡಿ ಇದ್ದ ಹಾಗೇ ತಿರುಗಿ ಕೊಡುತ್ತದೆ. ಇಟ್ಟುಕೊಂಡವರೇ ಸಂಜೆಗೆ ಬಂದು ಸಾರು ಕುದಿಸುತ್ತಾರೆ. ಮೇಕೆಗೆ ಹಲಸಿನೆಲೆ ಹಾಕಿದವರು ಸಾರಿಗೆ ಒಂದು ಕುದಿ ಕೊಡದೆ ಇರುತ್ತಾರೆಯೇ? ಆ ಸಣ್ಣ ಪ್ರಾಯದ ಸಾಹೇಬರಿಗೆ ಒಲೆ ಹಚ್ಚಲು ಬರುತ್ತದೋ ಇಲ್ಲವೋ ಎಂಬುದೊಂದೇ ಅವಳ ಚಿಂತೆ. ಬಂದಾಗ ಕಟ್ಟಿಗೆ ಎಲ್ಲಿದೆ ಎಂದು ತೋರಿಸಿಕೊಟ್ಟೇ ಮನೆಗೆ ಹೋಗೋಣ ಎಂದು ನಿಶ್ಚಯಿಸಿದಳು.

ಅಲ್ಲಿಯವರೆಗೆ ಹೊಳೆಯ ದಂಡೆಗೆ ಹೋಗಿ ಕೂತಳು. ಶರಾವತಿ ಸಮುದ್ರ ಸೇರುವ ಆ ಅಗಲದಲ್ಲಿ ಯಾವುದು ಹೊಳೆ, ಯಾವುದು ಸಮುದ್ರ, ಯಾವುದು ಆಕಾಶ ಎಂದು ಮಧ್ಯಾಹ್ನದ ಬೆಳಕಿಗೇ ಗೊತ್ತಿರಲಿಲ್ಲ. ಮಂಕಿಯಿಂದ ದಿನಾ ಬೆಳಗಿನ ಐದರ ಬಸ್ಸಿನಲ್ಲಿ ಕತ್ತಲೆಯಲ್ಲಿ ದಾಟುವ ಸೇತುವೆಯನ್ನು ಅವಳು ಹಗಲಿನಲ್ಲಿ ಹೀಗೆ ಸುಮ್ಮನೆ ಕೂತು ನೋಡಿದ್ದೇ ಇಲ್ಲ. ಅದು ನೀರಿನ ಮೇಲೆ ಒಂದು, ನೀರಿನ ಕೆಳಗೆ ಒಂದು, ಎರಡಾಗಿತ್ತು. ಕೆಳಗಿನ ಸೇತುವೆಯ ಮೇಲೆ ಲಾರಿಗಳು ತಲೆಕೆಳಗಾಗಿ ಸದ್ದಿಲ್ಲದೆ ಹೋಗುತ್ತಿದ್ದವು. ಕಣ್ಣು ಮುಚ್ಚಿದರೆ ಭಟ್ಕಳದ ಆ ಬಿಸಿಲಿನ ಕಂಬ. ಕಣ್ಣು ತೆರೆದರೆ ಅದೇ ಬಿಸಿಲು ಹೊಳೆಯ ಮೇಲೆ ಮಲಗಿದೆ. ಜುಲೇಕಮ್ಮ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅವರ ಮಾತೊಂದು ಇಷ್ಟು ದೂರ ನಡೆದುಕೊಂಡು ಬಂದು ತನ್ನ ಬಾಗಿಲ ಮೇಲೆ ಅಂಟಿಕೊಂಡಿತಲ್ಲ ಎಂದು ದೇವಿ ಒಬ್ಬಳೇ ನಕ್ಕಳು.

ಐದಾಯಿತು. ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಬಂದು ಕೂತು ಕಾದಳು. ಐದೂವರೆಯಾಯಿತು, ಯಾರೂ ಬರಲಿಲ್ಲ. ಬಾಗಿಲ ಸಂದಿಗೆ ಕಿವಿಯಿಟ್ಟು ನೋಡಿದಳು. ಮರದ ಆಚೆ ಎಷ್ಟೋ ದೂರದಲ್ಲಿ ಮಡಕೆ ಇನ್ನೂ ಸುಮ್ಮನಿತ್ತು, ಅಥವಾ ಅವಳಿಗೆ ಹಾಗೆ ಅನಿಸಿತು. ತಡೆಯಲಾಗದೆ ಎದ್ದು ಬಸ್ ನಿಲ್ದಾಣಕ್ಕೆ ಓಡಿದಳು. ಅಲ್ಲಿ ಬೊಮ್ಮಯ್ಯ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಎಲೆಯಡಿಕೆಯ ಕವಳ ಹಾಕುತ್ತಾ ಕುಮಟಾ ಬಸ್ಸಿಗೆ ಕಾಯುತ್ತಿದ್ದ. ಸಾಹೇಬರು ನಾಲ್ಕರ ಬಸ್ಸಿಗೇ ಹೋಗಿಯಾಗಿತ್ತು.

ಸಾರು ಕುದಿಸಲು ಯಾರು ಬರುತ್ತಾರೆ ಎಂದು ಅವಳು ಕೇಳಿದಾಗ ಬೊಮ್ಮಯ್ಯನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಕವಳ ಹೊರಚಿಮ್ಮುವಷ್ಟು ನಗು ಬಂತು.

"ಅಲ್ದೇ ದೇವಕ್ಕ, ನಿನ್ನ ಬಂಗಡೆಗೆ ಸರ್ಕಾರ ಪೋಲೀಸ್ರ ಕಾವಲು ಹಾಕ್ತದೆ ಅಂದ್ಕಂಡ್ಯಾ?" ಎಂದು ಶುರು ಮಾಡಿದವನು, ಅವಳ ಮುಖ ನೋಡಿ ನಗು ನುಂಗಿದ. "ಅಮಾನತು ಅಂದ್ರೆ ನಿಲ್ಸೂದು ಮಾರಾಯ್ತಿ. ಕಚೇರಿ ಮಾತು ಅದು. ಹ್ವಾದ ವರ್ಷ ಒಬ್ಬ ಗುಮಾಸ್ತನ್ನ ಅಮಾನತು ಮಾಡಿದ್ರು, ಮನೆಗೆ ಕಳ್ಸಿದ್ರು. ಕಾಯ್ತೆ ಅಂತ ಅಲ್ಲ, ಮುಚ್ಚಿದೆ ಅಂತ."

ಒಂದೇ ಮಾತು ಜುಲೇಕಮ್ಮನ ಮನೆಯಲ್ಲಿ ಕಾಯುವುದು, ಇಲ್ಲಿ ಕೈಬಿಡುವುದು. ಮಾತು ತಿರುಗಿಬಿದ್ದ ನೋವಿಗಿಂತ ಮುಂದಿನದು ದೇವಿಗೆ ಬೇಗ ಹೊಳೆಯಿತು. ಸಂಜೆಯ ಕುದಿ ತಪ್ಪಿತು. ಬೆಳಗಿನದೂ ತಪ್ಪಿದರೆ ಸಾರು ಉಳಿಯುವುದಿಲ್ಲ. ಸೋಮವಾರ ಡಾಕ್ಟರು ಬಾಗಿಲು ತೆಗೆದಾಗ ಮಡಕೆಯಲ್ಲಿ ಹಳಸಿದ್ದೇ ಇರುತ್ತದೆ. ಈ ಹೆಂಗಸು ಜನರಿಗೆ ಹಳಸಿದ್ದು ಬಡಿಸುತ್ತಿದ್ದಳು ಎಂದು ಅವರು ಬರೆಯುತ್ತಾರೆ, ಬರೆದದ್ದು ಕಣ್ಣಿಗೆ ಕಂಡ ನಿಜವೂ ಆಗಿರುತ್ತದೆ. ಅವಳ ಕೈಯನ್ನು ನಂಬಿ ಹನ್ನೊಂದು ವರ್ಷ ಉಂಡವರಿಗೆ ಆಮೇಲೆ ಏನೆಂದು ಹೇಳುವುದು? ಒಮ್ಮೆ ಕೈಗೆ ಆ ಹೆಸರು ಬಂದರೆ ಮಂಕಿಯಿಂದ ಕುಮಟೆಯವರೆಗೆ ಯಾವ ಒಲೆಯೂ ಅವಳನ್ನು ಕರೆಯುವುದಿಲ್ಲ.

ಬಸ್ಸು ಬಂತು. ಬೊಮ್ಮಯ್ಯನ ಹಿಂದೆಯೇ ಅವಳೂ ಹತ್ತಿದಳು. ಸಾಹೇಬರ ಮನೆ ತೋರಿಸು ಎಂದಳು, ಅಷ್ಟೇ. ಅವನು ಬೇಡವೆನ್ನಲಿಲ್ಲ. ಕರ್ಕಿ ದಾಟಿ, ಹಳದೀಪುರ ದಾಟಿ, ಧಾರೇಶ್ವರದ ಹತ್ತಿರ ಬರುವಾಗ ಎಡಗಡೆ ತೆಂಗಿನ ಮರಗಳ ನಡುವೆ ಸೂರ್ಯ ಇಳಿಯುತ್ತಿದ್ದ, ಬೊಮ್ಮಯ್ಯನ ಅರಗಿನಷ್ಟೇ ಕೆಂಪಗೆ. ಸಮುದ್ರದ ಬಾಗಿಲಿಗೂ ಯಾರೋ ಮುದ್ರೆ ಒತ್ತಿದ ಹಾಗಿತ್ತು. ಕಿಟಕಿಗೆ ತಲೆಯಾನಿಸಿದವಳಿಗೆ ಅರೆನಿದ್ದೆ ಹತ್ತಿತು. ಮುಚ್ಚಿದ ಅಡುಗೆಮನೆಯೊಳಗೆ ಮೊಣಕಾಲು ಮಟ್ಟ ನೀರು ನಿಂತ ಹಾಗೆ ಕಂಡಿತು. ಬಂಗಡೆಗಳು ಮಡಕೆಯಿಂದೆದ್ದು ಬೆಳ್ಳಗೆ ಹೊಳೆಯುತ್ತಾ ಒಲೆಯ ಸುತ್ತ ಪ್ರದಕ್ಷಿಣೆ ಬರುತ್ತಿದ್ದವು. ಒಲೆಯ ಕಟ್ಟೆಯ ಮೇಲೆ ಜುಲೇಕಮ್ಮನ ಮೇಕೆ ಕೂತು ಎಲ್ಲವನ್ನೂ ಗಂಭೀರವಾಗಿ ಕಾಯುತ್ತಿತ್ತು. ಕುಮಟಾ ಬಂತೆಂದು ಬೊಮ್ಮಯ್ಯ ಎಬ್ಬಿಸಿದಾಗ ಅದರ ಮೈಯ ಬಿಸಿಲಿನ ವಾಸನೆ ಇನ್ನೂ ಮೂಗಿನಲ್ಲಿತ್ತು.

ನಾಗಭೂಷಣನದು ಒಂಟಿ ಕೋಣೆ. ಮೂಲೆಯಲ್ಲಿ ಸೀಮೆಎಣ್ಣೆ ಸ್ಟೋವು, ಮೇಜಿನ ಮೇಲೆ ಫೈಲುಗಳು, ಫೈಲುಗಳ ಪಕ್ಕದಲ್ಲಿ ಅವಲಕ್ಕಿಯ ತಟ್ಟೆ. ಹಾಲಿನ ಪಾತ್ರೆ ಕಿಟಕಿಯ ಹತ್ತಿರ ಬಾಯಿ ತೆರೆದುಕೊಂಡು ಕೂತಿತ್ತು, ಅದರ ಅಂಚಿನಲ್ಲೊಂದು ನೊಣ. ದೇವಿ ನೇರ ಹೋಗಿ ಒಂದು ತಟ್ಟೆ ತೆಗೆದು ಹಾಲಿಗೆ ಮುಚ್ಚಿ ಬಂದು ನಿಂತಳು. ಅವನು ಅದನ್ನು ನೋಡಿದ, ಅವನ ಕಿವಿ ಕೆಂಪಾಯಿತು. ಬೊಮ್ಮಯ್ಯ ಹೊರಗೆ ನಿಂತು ಛಾವಣಿ ನೋಡುತ್ತಿದ್ದ.

ಅವಳು ಮೊದಲಿನಿಂದ ಹೇಳಿದಳು. ಕಾಗದದಲ್ಲಿ ತಾನು ಓದಿದ್ದು, ತಾನು ತಿಳಿದದ್ದು, ಭಟ್ಕಳದ ಮೇಕೆ, ದಿನಕ್ಕೆರಡು ಕುದಿ, ಎಲ್ಲವನ್ನೂ. ಕೊನೆಗೆ ಅವಳು ಕೇಳಿದ್ದು ಇಷ್ಟೇ, ಈಗಲೇ ಬಂದು ಮುದ್ರೆ ತೆಗೆದು ನೋಡಿ, ಸಾರು ಇನ್ನೂ ಚಲೋ ಇರುವಾಗ ನೋಡಿ.

ಹಾಗೆ ಮಾಡಲು ಬರುವುದಿಲ್ಲ ಎಂದು ಅವನು ಮೆತ್ತಗೆ ಹೇಳಿದ. ಹಾಕಿದ ಮುದ್ರೆ ತೆಗೆಯಬೇಕಾದರೆ ಡಾಕ್ಟರ ಅನುಮತಿ ಬೇಕು, ಹಗಲಾಗಿರಬೇಕು, ಹೋಟೆಲಿನ ಮಾಲೀಕರು ಎದುರಿಗಿರಬೇಕು. ಆದರೂ ಸೋಮವಾರದವರೆಗೆ ಕಾಯುವುದಿಲ್ಲ, ಇವತ್ತೇ ಡಾಕ್ಟರ ಮನೆಗೆ ಹೋಗಿ ಕೇಳಿಕೊಂಡು ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ ಎಂದ. ಅಷ್ಟಾದರೂ ಅವನು ಅವಳನ್ನು ಪೂರ್ತಿ ನಂಬಿರಲಿಲ್ಲ. ನಿನ್ನೆಯ ಮೀನು ಒಂದು ಕುದಿಯಲ್ಲಿ ಬದುಕುತ್ತದೆ, ಒಂದು ಕುದಿ ತಪ್ಪಿದರೆ ಸಾಯುತ್ತದೆ ಎನ್ನುವುದು ಅವನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

"ನಾಳೆ ಬೆಳಿಗ್ಗೆಗೆ ಅದು ಮಾತಾಡ್ತದೆ ಸಾಯ್ಬ್ರೆ," ಎಂದು ಹೇಳಿ ದೇವಿ ಮಂಕಿಯ ಬಸ್ಸು ಹಿಡಿಯಲು ಹೊರಟಳು.

ಶನಿವಾರ ಎಂಟೂವರೆಗೆ ಎಲ್ಲರೂ ಹಿಂಬಾಗಿಲ ಮುಂದೆ ಸೇರಿದ್ದರು. ಜಟ್ಟಿ ನಾಯ್ಕರು ಸುದ್ದಿ ತಿಳಿದು ಭಟ್ಕಳದಿಂದ ನಿಶ್ಚಿತಾರ್ಥದ ಹೊಸ ಪಂಚೆಯಲ್ಲೇ ಓಡಿ ಬಂದಿದ್ದರು. ದಪ್ಪ ಮೈ, ಬಾಯಿ ನಿಲ್ಲದ ಮನುಷ್ಯ, ಬೆವರು ಒರೆಸಿಕೊಳ್ಳುತ್ತಿದ್ದರು. ಬಂದವರೇ ದೇವಿಯನ್ನು ಪಕ್ಕಕ್ಕೆ ಕರೆದು, ಇವತ್ತು ಬೆಳಿಗ್ಗೆ ಮಾಡಿದ್ದು ಎಂದು ನಿನ್ನೆ ಸಾಹೇಬರಿಗೆ ಹೇಳಿದ್ದರೆ ಈ ರಗಳೆಯೇ ಇರಲಿಲ್ಲವಲ್ಲ ಎಂದು ಗದರಿದ್ದರು. ಕೇಳಿದ್ದಕ್ಕೆ ಹೇಳಿದೆ ಎಂದಿದ್ದಳು ಅವಳು. ನಾಗಭೂಷಣ ಮುದ್ರೆ ಇದ್ದ ಹಾಗೇ ಇದೆಯೆಂದು ಎಲ್ಲರಿಗೂ ತೋರಿಸಿದ. ಬೊಮ್ಮಯ್ಯ ಚಾಕುವಿನಿಂದ ಹುರಿ ಕೊಯ್ದ. ಅರಗು ಬಿಸ್ಕೀಟಿನ ಹಾಗೆ ಮುರಿದು ಬಿತ್ತು.

ದೇವಿ ಈ ಸಲ ಕಿವಿ ಕೊಡಬೇಕಾಗಲಿಲ್ಲ. ಹೊಸ್ತಿಲಲ್ಲೇ ಅದು ಅವಳಿಗೆ ಕೇಳಿಸಿತು. ಮುಚ್ಚಿದ ಕೋಣೆಯ ಸೆಕೆಯಲ್ಲಿ ಮಡಕೆ ತನ್ನಷ್ಟಕ್ಕೆ ತಾನೇ ಪಿಸುಗುಟ್ಟುತ್ತಿತ್ತು, ಜ್ವರದಲ್ಲಿ ಬಡಬಡಿಸುವ ಮಗುವಿನ ಹಾಗೆ. ಅವಳು ಮುಚ್ಚಳ ಸರಿಸಿದಳು. ಮೇಲೆ ಬಿಳಿಯ ನೊರೆ, ನೊರೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಹುಟ್ಟುತ್ತಿದ್ದವು, ಒಡೆಯುತ್ತಿದ್ದವು.

"ಸಾಯ್ಬ್ರೆ, ಆ ಬಟ್ಟೆ ತೆಗೀರಿ ಒಂಚೂರು," ಎಂದಳು.

ನಾಗಭೂಷಣ ಒಂದು ಕ್ಷಣ ಅನುಮಾನಿಸಿ ಕರವಸ್ತ್ರ ಬಿಚ್ಚಿ ಮಡಕೆಯ ಮೇಲೆ ಬಗ್ಗಿದ. ಹುಳಿ ನಾತ ಮುಖಕ್ಕೆ ಹೊಡೆಯಿತು. ತಟ್ಟನೆ ಹಿಂದೆ ಸರಿದ.

"ಇದು ಹಳಸಿದ್ದು," ಎಂದಳು ದೇವಿ. ದನಿ ಏರಿಸಲಿಲ್ಲ, ಮಗುವಿಗೆ ಅಕ್ಷರ ತೋರಿಸುವ ಹಾಗೆ ಹೇಳಿದಳು. "ನಿನ್ನೆ ನೀವು ನೋಡಿದ್ದು ಹಳೇದು. ನಿನ್ನೆ ಮೂಗು ಕಟ್ಕಂಡಿದ್ರಿ, ನಿಮಗೆ ಎರಡೂ ಒಂದೇ ಆತು."

ಅವನು ಬಾಗಿಲ ಬಳಿ ಬಂದು ಗಾಳಿಗೆ ನಿಂತ. ಶುಕ್ರವಾರ ಅದೇ ಕೋಣೆಯಲ್ಲಿ ಕರವಸ್ತ್ರದ ಒಳಗಿಂದಲೂ ಹಾದು ಬಂದದ್ದು ಈ ವಾಸನೆಯಾಗಿರಲಿಲ್ಲ ಎಂದು ಅವನಿಗೆ ಈಗ ನೆನಪಾಗುತ್ತಿತ್ತು. ಅದು ಮೆಣಸಿನ, ಯಾವುದೋ ಕಾಡುಕಾಯಿಯ ಘಾಟು, ಹಸಿವು ತರುವಂಥದ್ದು. ಅದನ್ನು ನೆನೆದಷ್ಟೂ ಅವನ ಮುಖ ಇಳಿಯುತ್ತಾ ಹೋಯಿತು. ಚೆನ್ನಾಗಿದ್ದ ಒಂದು ಪದಾರ್ಥವನ್ನು ಅವನ ಮುದ್ರೆಯೇ ಕೆಡಿಸಿತ್ತು. ಓಣಿಯ ತುದಿಯಲ್ಲಿ ಗಂಜಿಗೆ ಬಂದ ಇಬ್ಬರು ಕಂಡಕ್ಟರುಗಳು ಏನೋ ಆಗಿದೆಯೆಂದು ನಿಂತು ನೋಡಿ, ಹಾಗೇ ತಿರುಗಿ ಹೋದರು. ಜಟ್ಟಿ ನಾಯ್ಕರು ಅವರ ಬೆನ್ನನ್ನೇ ನೋಡುತ್ತಿದ್ದರು.

ನಾಗಭೂಷಣ ಫೈಲು ತೆರೆದು ಒಲೆಕಟ್ಟೆಯ ಮೇಲಿಟ್ಟ. ಶುಕ್ರವಾರದ ಹಾಳೆಯನ್ನು ಹೊರತೆಗೆದು ನೋಡಿದ, ಪೆನ್ನು ಬಿಚ್ಚಿದ, ಮತ್ತೆ ಮುಚ್ಚಿದ. ಆಮೇಲೆ ತಗ್ಗಿದ ದನಿಯಲ್ಲಿ, ತನ್ನ ಊರಿನ ಮಾತಿನಲ್ಲಿ ಹೇಳತೊಡಗಿದ.

"ನೋಡಿ ದೇವಮ್ಮ, ನಾನೊಂದು ಕೆಲಸ ಮಾಡ್ತೀನಿ. ನಿನ್ನೆ ಹಾಳೆ ಹರಿದು ಹಾಕಿ, ಮಡಕೆ ಖಾಲಿ ಇತ್ತು ಅಂತ ಬರೀತೀನಿ. ಆಗ ಮೋರಿ, ಡ್ರಮ್ಮಿನ ಮುಚ್ಚಳ ಎರಡೇ ಉಳಿಯೋದು. ಅದನ್ನ ನಾಳೆ ಒಳಗೆ ಸರಿ ಮಾಡಿಸಿ. ಸೋಮವಾರ ಡಾಕ್ಟರ್ ಸೈನ್ ಮಾಡ್ತಾರೆ, ಮಂಗಳವಾರ ಒಲೆ ಹಚ್ಚಬಹುದು. ನಿಮ್ಮ ಹೆಸರು ಎಲ್ಲೂ ಬರಲ್ಲ."

ಇದ್ದದ್ದನ್ನು ಬರೆದರೆ ಏನಾಗುತ್ತದೆ ಎಂದು ದೇವಿ ಕೇಳಿದಳು. ವಿಚಾರಣೆಯಾಗುತ್ತದೆ ಎಂದ. ಅವಳನ್ನೂ ಕರೆಯುತ್ತಾರೆ, ಅವನನ್ನೂ ಕರೆಯುತ್ತಾರೆ. ಅದು ಮುಗಿಯುವವರೆಗೆ, ತಿಂಗಳೋ ಎರಡು ತಿಂಗಳೋ, ಬಾಗಿಲು ತೆಗೆಯುವ ಹಾಗಿಲ್ಲ. ಕಚೇರಿಯ ಕಾಗದ ಯಾವ ಕಡೆ ವಾಲುತ್ತದೆಂದು ತಾನು ಹೇಳಲಾರೆ ಎಂದೂ ಒಪ್ಪಿಕೊಂಡ.

"ಹೂಂ ಹೇಳು ದೇವಿ," ಎಂದರು ಜಟ್ಟಿ ನಾಯ್ಕರು. "ಖಾಲಿ ಮಡಕೆಯಿಂದ ಯಾರಿಗೆ ಎಂತ ಹಾಳಾತದೆ? ಸಾಯ್ಬ್ರು ತಾವಾಗೇ ಹೇಳ್ತಿದ್ರು."

ಬೊಮ್ಮಯ್ಯ ನೆಲದ ಮೇಲಿನ ಅರಗಿನ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದ. ದೇವಿ ಮಡಕೆಯ ಕಡೆಗೆ ತಿರುಗಿದಳು. ಮಂಕಿಯ ಮನೆ, ಬಲೆ ಹೆಣೆಯುತ್ತಾ ಕೂತ ರಾಮ, ಎರಡು ತಿಂಗಳು ಬೆಳಿಗ್ಗೆ ಐದರ ಬಸ್ಸಿಗೆ ಹೋಗಬೇಕಾಗಿಲ್ಲದ ತಾನು, ಎಲ್ಲ ಅವಳ ಕಣ್ಣ ಮುಂದೆ ನೀರಿನೊಳಗಿನ ಸೇತುವೆಯ ಹಾಗೆ ತಲೆಕೆಳಗಾಗಿ, ಸದ್ದಿಲ್ಲದೆ ಹಾದು ಹೋದವು. ಖಾಲಿ ಎಂದು ಬರೆಸಿಕೊಂಡರೆ ಒಲೆ ಬೇಗ ಹತ್ತುತ್ತದೆ, ನಿಜ. ಆದರೆ ಶುಕ್ರವಾರ ಬೆಳಿಗ್ಗೆ ಆ ಮಡಕೆಯಿಂದ ಉಂಡು ಹೋದ ಮೂವತ್ತು ಜನ ಏನುಂಡರು ಹಾಗಾದರೆ? ಬಚ್ಚಿಡುವಂಥದ್ದನ್ನು ಉಂಡರೆಂದು ಆಗುವುದಿಲ್ಲವೇ? ಅವಳ ಕೈ ಇಷ್ಟು ವರ್ಷ ಏನನ್ನೂ ಬಚ್ಚಿಟ್ಟಿರಲಿಲ್ಲ, ಮುಚ್ಚಳವಿಲ್ಲದ ಮೋರಿಯನ್ನು ಕೂಡ.

ಅವಳು ಒದ್ದೆಯಿಲ್ಲದ ಕೈಯನ್ನೇ ಸೆರಗಿಗೆ ಒರೆಸಿಕೊಂಡು ನಾಗಭೂಷಣನ ಕಡೆ ತಿರುಗಿದಳು.

"ಬ್ಯಾಡ ಸಾಯ್ಬ್ರೆ," ಎಂದಳು. "ನೀವು ನನ್ನ ಒಳ್ಳೇದಕ್ಕೇ ಹೇಳ್ತ್ರಿ, ಅದು ನಂಗೆ ತಿಳೀತದೆ. ಆದ್ರೆ ಮಡಕೆ ಖಾಲಿ ಇರ್ಲಿಲ್ಲ. ಹದಿನಾರು ಬಂಗಡೆ ಉಳ್ದಿತ್ತು. ಬಾಗ್ಲು ಹಾಕೂವಾಗ ಚಲೋ ಇತ್ತು, ತೆಗೂವಾಗ ಹಳಸಿತ್ತು. ಹಾಂಗೇ ಬರೀರಿ. ಒಲೆ ಎರಡು ತಿಂಗ್ಳು ಬಿಟ್ಟು ಹತ್ತಿದ್ರೂ ಆತು."